ಹಬ್ಬಕ್ಕೊಮ್ಮೆ ನೆನಪಾಗುವ ಬರಹಗಾರ

ಮಳೆಗಾಲ ನಡುವಿಗೆ ಬರುವ ಹೊತ್ತಿಗೆ ಕನ್ನಡ ಪತ್ರಿಕೆಗಳಲ್ಲಿ ದೀಪಾವಳಿ ವಿಶೇಷಾಂಕದ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ಕಥೆ ಇಂತಿಷ್ಟು ಪದ ಮೀರಬಾರದು, ಅನುವಾದವಾಗಿರಬಾರದು, ಬೇರೆಲ್ಲೂ ಅಚ್ಚಾಗಿರಬಾರದು, ಇಂಥ ದಿನಾಂಕದೊಳಗೆ ತಲುಪಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಡೆ ಆಗ ಮೆಕ್ಕೆಜೋಳ ಎದೆಮಟ್ಟ ನಿಂತಿರುತ್ತದೆ, ಶೇಂಗಾ ಹೂ ಬಿಟ್ಟಿರುತ್ತದೆ. ಮಳೆ ಕೈಕೊಟ್ಟ ವರ್ಷ ಎರಡೂ ಇಲ್ಲ. ಊರಿನ ಮೇಷ್ಟ್ರು, ಗ್ರಂಥಾಲಯದ ಅರೆಕಾಲಿಕ ನೌಕರ, ಡಿಟಿಪಿ ಅಂಗಡಿಯ ಹುಡುಗ, ಬಿ.ಎಡ್. ಮುಗಿಸಿ ಅತಿಥಿ ಶಿಕ್ಷಕಿಯಾಗಿರುವ ಹೆಣ್ಣುಮಗಳು ಇವರೆಲ್ಲ ಆಗ ಇನ್ನೊಂದು ಬಿತ್ತನೆಗೆ ಕೂಡುತ್ತಾರೆ. ಒಂದು ಕಥೆ, ಎರಡು ಕವಿತೆ, ಒಂದು ನುಡಿಚಿತ್ರ. ನಾಲ್ಕು ಕಾಸು ಬಂದರೆ ಬಂತು.

ಈ ಎರಡನೆಯ ಬೆಳೆಯ ಬಗ್ಗೆ ನಮ್ಮ ವಿಮರ್ಶಕರು ಮಾತನಾಡುವುದು ಕಡಿಮೆ. ವಿಶೇಷಾಂಕದಲ್ಲಿ ಬಂದ ಕಥೆ ಚೆನ್ನಾಗಿದೆಯೇ ಇಲ್ಲವೇ ಎಂದು ಚರ್ಚಿಸುತ್ತಾರೆ. ಅದನ್ನು ಯಾರು ಕೊಂಡರು, ಎಷ್ಟಕ್ಕೆ ಕೊಂಡರು, ಕೊಳ್ಳುವವರ ರುಚಿ ಬರೆಯುವವರ ಕೈಯನ್ನು ಹೇಗೆ ತಿರುವಿತು ಎಂಬುದು ಸಾಹಿತ್ಯದ ಪ್ರಶ್ನೆಯಲ್ಲವೆಂದು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದು ಸಾಹಿತ್ಯದ್ದೇ ಪ್ರಶ್ನೆ. ಯಾಕೆಂದರೆ ಹಬ್ಬದ ಲೇಖನ ಎಂಬುದು ಕನ್ನಡದಲ್ಲಿ ಒಂದು ಪ್ರಕಾರವೇ ಆಗಿ ಬೆಳೆದಿದೆ. ಅದಕ್ಕೆ ತನ್ನದೇ ಆರಂಭ, ತನ್ನದೇ ಮುಕ್ತಾಯ, ತನ್ನದೇ ಆದ ಕುರುಡುಗಳೂ ಇವೆ.

ಸಂಪಾದಕರ ಮೇಜಿನ ಮೇಲೊಂದು ಪಂಚಾಂಗ ಇರುತ್ತದೆ. ಅದರಲ್ಲಿ ನಮ್ಮ ಐದು ತಾಲ್ಲೂಕುಗಳು ಮೂಡುವುದು ವರ್ಷಕ್ಕೆ ಐದಾರು ಸಲ. ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಹಡಗಲಿ ತಾಲ್ಲೂಕಿನ ಮೈಲಾರ, ಅಲ್ಲಿನ ಕಾರ್ಣಿಕ. ಅದಾದ ಕೆಲವೇ ದಿನಕ್ಕೆ ಕೊಟ್ಟೂರಿನ ಗುರು ಬಸವೇಶ್ವರನ ತೇರು. ಬೇಸಿಗೆಯಲ್ಲಿ ಉಜ್ಜಿನಿಯ ಶಿಖರಕ್ಕೆ ಎಣ್ಣೆ ಎರೆಯುವುದು, ಮತ್ತು ಹಡಗಲಿ ಮಲ್ಲಿಗೆ. ಅಕ್ಟೋಬರ್ 2 ಮತ್ತು ಜನವರಿ 30ಕ್ಕೆ ಗಾಂಧೀಜಿಯ ಚಿತಾಭಸ್ಮ ಇರಿಸಿದ ಕೂಡ್ಲಿಗಿಯ ಸ್ಮಾರಕ. ಚಳಿಗಾಲದಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಹಕ್ಕಿಗಳು. 2024ರ ಜನವರಿಯಲ್ಲಿ ಆ ಕೆರೆಗೆ ರಾಮ್ಸರ್ ಮನ್ನಣೆ ಸಿಕ್ಕ ಮೇಲೆ ಅದರ ಬೆಲೆ ತುಸು ಏರಿದೆ. ಬೆಲೆ ಎಂದರೆ ಪುಟದಲ್ಲಿ ಸಿಗುವ ಜಾಗ. ಇನ್ನು ಮೊಹರಂ, ರಂಜಾನ್. ಇಷ್ಟು ಬಿಟ್ಟರೆ ಬರಗಾಲ ಬಂದಾಗ ಗುಳೆ. ಉಳಿದ ಮುನ್ನೂರು ದಿನ ಇಲ್ಲಿ ಜನ ಬದುಕುತ್ತಾರೆಂಬುದಕ್ಕೆ ಪುರವಣಿಗಳಲ್ಲಿ ಪುರಾವೆ ಸಿಗುವುದು ಕಷ್ಟ.

ಮೈಲಾರದ ಲೇಖನವನ್ನೇ ನೋಡಿ. ವರ್ಷವರ್ಷವೂ ಬರುತ್ತದೆ. ಡೆಂಕನ ಮರಡಿ, ಲಕ್ಷಾಂತರ ಜನ, ಕರಿಕಂಬಳಿಯ ಗೊರವಯ್ಯ, ವ್ರತ, ಎತ್ತರದ ಬಿಲ್ಲು, ಒಮ್ಮೆಲೇ ಕವಿಯುವ ಮೌನ, ಒಂದು ಸಾಲಿನ ನುಡಿ. ಆಮೇಲೆ ಅದರ ಅರ್ಥವೇನೆಂಬ ಜಿಜ್ಞಾಸೆ. ಮಳೆಯೋ, ಬೆಳೆಯೋ, ಬೆಂಗಳೂರಿನ ಕುರ್ಚಿಯೋ? ಬರೆಯುವವರ ಹೆಸರು ಬದಲಾಗುತ್ತದೆ, ಬರಹ ಬದಲಾಗುವುದಿಲ್ಲ. ಹೋದ ವರ್ಷದ್ದನ್ನು ಈ ವರ್ಷದ ಫೋಟೋದೊಂದಿಗೆ ಅಚ್ಚು ಹಾಕಿದರೂ ಗೊತ್ತಾಗದು. ಹಾಗೆ ಅಚ್ಚಾದದ್ದೂ ಉಂಟು. ನಾನು ಒಮ್ಮೆ ಬರೆದ ಜಾತ್ರೆಯ ಲೇಖನವೊಂದು ಎರಡು ವರ್ಷ ಬಿಟ್ಟು, ಮೊದಲ ಪ್ಯಾರಾ ಮಾತ್ರ ತಿದ್ದಿಸಿಕೊಂಡು, ಹೆಸರಿಲ್ಲದೆ ಮತ್ತೆ ಬಂದಿತ್ತು. ಕೇಳಿದರೆ, ಜಾತ್ರೆ ನಿಮ್ಮೊಬ್ಬರದ್ದಾ ಸಾರ್ ಎಂದರು. ಮಾತು ನಿಜ. ಜಾತ್ರೆ ನನ್ನದಲ್ಲ, ವಾಕ್ಯಗಳು ನನ್ನವು.

ಇಲ್ಲಿ ಬರೆಯುವವನನ್ನು ದೂರಿ ಪ್ರಯೋಜನವಿಲ್ಲ. ಅವನಿಗೆ ಹೊಸದನ್ನು ತರುವ ಶಕ್ತಿ ಇಲ್ಲವೆಂದಲ್ಲ. ಹೊಸದಕ್ಕೆ ಅಲೆದಾಟ ಬೇಕು, ಅಲೆದಾಟಕ್ಕೆ ದುಡ್ಡು ಬೇಕು, ಹಳೆಯದಕ್ಕೂ ಹೊಸದಕ್ಕೂ ಸಿಗುವ ಸಂಭಾವನೆ ಒಂದೇ. ಗೊರವರ ಮಕ್ಕಳು ಶಾಲೆಯಲ್ಲಿ ಎಷ್ಟನೇ ಇಯತ್ತೆಗೆ ಬಿಡುತ್ತಾರೆ, ಜಾತ್ರೆ ಮುಗಿದ ಮರುದಿನ ಮರಡಿಯ ಕಸ ಬಳಿಯುವವರು ಯಾರು, ಎಂದು ತಿಳಿಯಬೇಕಾದರೆ ನಾಲ್ಕು ದಿನ ಅಲ್ಲಿ ಇರಬೇಕು. ನಾಲ್ಕು ದಿನದ ಬಸ್ ಚಾರ್ಜು, ಊಟ, ತಪ್ಪಿಸಿಕೊಂಡ ಕೆಲಸದ ಕೂಲಿ ಲೆಕ್ಕ ಹಾಕಿದರೆ ಲೇಖನದ ಹಣ ಅಷ್ಟಕ್ಕೇ ಸಾಲದು. ಆದ್ದರಿಂದ ಅವನು ಮನೆಯಲ್ಲಿ ಕೂತು ಬರೆಯುತ್ತಾನೆ. ಹೀಗೆ ಪುನರಾವರ್ತನೆಯನ್ನೇ ಕೊಳ್ಳುವ ಪೇಟೆ ಪುನರಾವರ್ತನೆಯನ್ನೇ ಬೆಳೆಸುತ್ತದೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಮಗುಚಿ ಬಿದ್ದಾಗ ರಾಜ್ಯದ ಪತ್ರಿಕೆಗಳೆಲ್ಲ ಆ ಊರಿನತ್ತ ತಿರುಗಿದವು. ಅದರ ಹಿಂದಿನ ವರ್ಷಗಳ ತೇರಿನ ಲೇಖನಗಳನ್ನು ಓದಿದವರಿಗೆ ತೇರಿನ ಎತ್ತರ, ಭಕ್ತಿ, ಜನಸಾಗರ ತಿಳಿದಿತ್ತು. ಅಚ್ಚು, ಗಾಲಿ, ಮಿಣಿ, ಅದನ್ನು ನೋಡಿಕೊಳ್ಳುವ ಕಸುಬುದಾರರ ಬಗ್ಗೆ ಓದಿದ ನೆನಪು ನನಗಿಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಮೇಲಿನ ಪಂಚಾಂಗದಲ್ಲಿ ಮುಸ್ಲಿಂ ಬರಹಗಾರರಿಗೆ ಮೀಸಲಾದ ಚೌಕಗಳು ಎರಡು, ಮೊಹರಂ ಮತ್ತು ರಂಜಾನ್. ಈ ಎರಡು ಹಬ್ಬಕ್ಕೆ ಫೋನ್ ಬರುತ್ತದೆ. ಸ್ವಾತಂತ್ರ್ಯ ದಿನಕ್ಕೆ, ಬಜೆಟ್ಟಿಗೆ, ಮಾವಿನ ಹಂಗಾಮಿಗೆ, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಬರುವುದಿಲ್ಲ.

ಬಳ್ಳಾರಿ ಸೀಮೆಯಿಂದ ಹೋಗುವ ಮೊಹರಂ ಲೇಖನಗಳಲ್ಲಿ ಹೆಚ್ಚು ಬೇಡಿಕೆಯಿರುವುದು ಒಂದಕ್ಕೆ. ಓದುಗರಿಗೆ ಅದರ ತಲೆಬರಹ ಹೇಳಿದರೆ ಸಾಕು, ಉಳಿದದ್ದು ತಾನೇ ನೆನಪಾಗುತ್ತದೆ: ‘ಮುಸ್ಲಿಮರೇ ಇಲ್ಲದ ಊರಿನಲ್ಲಿ ಮೊಹರಂ’. ಪ್ರತಿ ವರ್ಷ ಊರು ಬೇರೆ. ಅಲಾಯಿ ಕುಣಿ, ಪಂಜಾ, ಸಕ್ಕರೆ ಓದಿಸುವುದು, ಹರಕೆ ಹೊತ್ತು ಫಕೀರರಾಗುವ ಲಿಂಗಾಯತರು, ಕುರುಬರು, ನಾಯಕರು, ಹೆಜ್ಜೆಮೇಳ, ಹುಲಿವೇಷ. ಕೊನೆಗೆ ಭಾವೈಕ್ಯದ ಬಗ್ಗೆ ಎರಡು ಸಾಲು. ಇದು ಸುಳ್ಳಲ್ಲ. ಇಂಥ ಊರುಗಳು ನಮ್ಮ ಸುತ್ತ ಬೇಕಾದಷ್ಟಿವೆ, ಆ ಜನರ ನಂಬಿಕೆ ದೊಡ್ಡದು. ಈ ದ್ವೇಷದ ಕಾಲದಲ್ಲಿ ಅದನ್ನು ಬರೆಯುವುದರಲ್ಲಿ ಪುಣ್ಯವೂ ಇದೆ. ಆದರೂ ವಿಮರ್ಶಕನಾಗಿ ಒಂದು ಮಾತು ಕೇಳಲೇಬೇಕು. ಸೌಹಾರ್ದದ ಅತ್ಯಂತ ಜನಪ್ರಿಯ ಲೇಖನದಲ್ಲಿ ಒಬ್ಬ ಮುಸ್ಲಿಮನೂ ಇಲ್ಲದಿರುವುದು ಆಕಸ್ಮಿಕವೇ?

ಮುಸ್ಲಿಮರಿಲ್ಲದ ಊರಿನ ನಡುವೆ ಮಸೂತಿ ಬಂದದ್ದು ಹೇಗೆ, ಅದನ್ನು ನೋಡಿಕೊಳ್ಳುತ್ತಿದ್ದ ಮುಜಾವರರ ಮನೆ ಯಾವುದು, ಅವರು ಊರು ಬಿಟ್ಟಿದ್ದರೆ ಯಾವ ಬರಗಾಲಕ್ಕೆ ಬಿಟ್ಟರು, ಇಂದು ಎಲ್ಲಿದ್ದಾರೆ? ಆ ಲೇಖನ ಇದನ್ನು ಕೇಳುವುದಿಲ್ಲ. ಪಂಜಾ ಇಡುವುದು ಸರಿಯೇ ತಪ್ಪೇ ಎಂಬ ಚರ್ಚೆ ನಮ್ಮ ಮಸೀದಿಗಳಲ್ಲಿ ವರ್ಷಗಳಿಂದ ನಡೆದಿದೆ. ಎಷ್ಟೋ ಊರುಗಳಲ್ಲಿ ಮುಸ್ಲಿಂ ಯುವಕರು ಅಲಾಯಿಯಿಂದ ದೂರ ಸರಿದಿದ್ದಾರೆ, ಹಿರಿಯರು ಅದಕ್ಕೆ ನೊಂದುಕೊಂಡಿದ್ದಾರೆ. ಒಂದೇ ಮನೆಯಲ್ಲಿ ತಂದೆ ಪಂಜಾ ಹಿಡಿಯುವವನು, ಮಗ ಅದನ್ನು ಒಪ್ಪದವನು. ಕಥೆಗಾರನಿಗೆ ಇದಕ್ಕಿಂತ ವಸ್ತು ಬೇಕೇ? ಹಬ್ಬದ ಲೇಖನಕ್ಕೆ ಇದು ಬೇಡ. ಅಲ್ಲಿ ಯಾರೂ ಯಾರೊಂದಿಗೂ ಜಗಳವಾಡಬಾರದು. ಮುಸ್ಲಿಮನಿದ್ದರೆ ಜಗಳ, ಸಂದೇಹ, ಅಭಿಪ್ರಾಯ ಎಲ್ಲವೂ ಇರುತ್ತದೆ. ಇಲ್ಲದಿದ್ದರೆ ಚಿತ್ರ ಚೊಕ್ಕಟ.

ಇದನ್ನೇ ವಿಷಯವಾಗಿಟ್ಟುಕೊಂಡು ಶ್ರದ್ಧೆಯಿಂದ ಮಾಡಿದ ಕೆಲಸವೂ ನಮ್ಮೆದುರಿಗಿದೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಓದಿದವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಅಲ್ಲಿ ದರ್ಗಾ ಒಂದು ಸುಂದರ ದೃಶ್ಯವಲ್ಲ. ಅದಕ್ಕೆ ಚರಿತ್ರೆಯಿದೆ, ಜಾತಿಯಿದೆ, ಹೊಲದ ತಕರಾರಿದೆ, ಹಾಡುವವರ ಹಸಿವಿದೆ. ಆದರೆ ಅಂಥ ಬರಹದ ಹಿಂದೆ ವರ್ಷಗಟ್ಟಲೆ ತಿರುಗಾಟವಿದೆ, ಆ ತಿರುಗಾಟದ ಬೆನ್ನಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಬಳದ ಕೆಲಸವಿತ್ತು. ಕೂಡ್ಲಿಗಿಯ ಹವ್ಯಾಸಿಯಿಂದ ಒಂದು ಭಾನುವಾರದಲ್ಲಿ ಅದನ್ನು ನಿರೀಕ್ಷಿಸುವುದು ಅನ್ಯಾಯ.

ರಂಜಾನಿನ ಲೇಖನದ ಕಥೆ ಸ್ವಲ್ಪ ಬೇರೆ. ನಮ್ಮ ಚಾಂದ್ರಮಾನ ವರ್ಷಕ್ಕೆ ಅಧಿಕಮಾಸವಿಲ್ಲ. ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಮೂವತ್ತಮೂರು ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2004ರಿಂದ 2006ರವರೆಗೆ ಈದ್ ದೀಪಾವಳಿಯ ಬೆನ್ನಿಗೇ ಬಂತು. 2024ರಲ್ಲಿ ಏಪ್ರಿಲ್ 9ಕ್ಕೆ ಯುಗಾದಿ, ಒಂದೆರಡು ದಿನಕ್ಕೆ ಈದ್. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನವೇ ಈದ್. ಇಂಥ ವರ್ಷಗಳಲ್ಲಿ ಮುಸ್ಲಿಂ ಬರಹಗಾರನಿಗೆ ಬೇಡಿಕೆ ಏರುತ್ತದೆ. ಹೋಳಿಗೆ ಮತ್ತು ಶೀರ್ ಖುರ್ಮಾವನ್ನು ಒಂದೇ ತಟ್ಟೆಯಲ್ಲಿಡುವ ಲೇಖನ ಬೇಕಾಗುತ್ತದೆ. ಸರಿ, ಬರೆಯೋಣ. ಆದರೆ ಈದ್ ಜೂನ್-ಜುಲೈಗೆ ಬಂದಾಗ, ಹೊಲದಲ್ಲಿ ಬಿತ್ತನೆ ಇಟ್ಟುಕೊಂಡು ಉಪವಾಸವಿದ್ದ ಕೂಲಿಯವನ ಬಗ್ಗೆ ಯಾರೂ ಕೇಳಲಿಲ್ಲ. ಆಗ ವಿಶೇಷಾಂಕ ಇರಲಿಲ್ಲ, ವಿಶೇಷಾಂಕಕ್ಕೆ ಬೇಕಾದ ಜಾಹೀರಾತೂ ಇರಲಿಲ್ಲ.

ಎಲ್ಲದರ ಗುಟ್ಟು ಈ ಜಾಹೀರಾತಿನಲ್ಲಿದೆ. ವಿಶೇಷಾಂಕ ಎಂಬುದು ಸಾಹಿತ್ಯದ ಹಬ್ಬವಾಗುವ ಮೊದಲು ಜಾಹೀರಾತಿನ ಹಬ್ಬ. ತಾಲ್ಲೂಕು ಮಟ್ಟದ ಸುದ್ದಿಗಾರರಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳವಿಲ್ಲ, ಅಚ್ಚಾದ ಸುದ್ದಿಯ ಲೆಕ್ಕದಲ್ಲಿ ಅಲ್ಪಸ್ವಲ್ಪ. ಹಬ್ಬ ಹತ್ತಿರ ಬಂದಾಗ ಅವರು ಶುಭಾಶಯದ ಜಾಹೀರಾತಿಗಾಗಿ ಪುಢಾರಿಗಳ ಮನೆ, ಎಪಿಎಂಸಿ ಮಂಡಿ, ಖಾಸಗಿ ಶಾಲೆ, ನರ್ಸಿಂಗ್ ಹೋಮುಗಳಿಗೆ ಅಲೆಯುತ್ತಾರೆ. ಅದರ ಕಮಿಷನ್ನೇ ಅವರ ಸುಗ್ಗಿ. ಹೀಗಾಗಿ ಒಬ್ಬನೇ ಮನುಷ್ಯ ಒಂದೇ ಸಂಚಿಕೆಗೆ ಮುಖಂಡರ ಕೈಮುಗಿದ ಫೋಟೋವನ್ನೂ ತರುತ್ತಾನೆ, ಜಾತ್ರೆಯ ಲೇಖನವನ್ನೂ ಬರೆಯುತ್ತಾನೆ. ಫೋಟೋಕ್ಕೆ ಹಣ ನಿಶ್ಚಿತ, ಲೇಖನಕ್ಕೆ ಅನಿಶ್ಚಿತ. ಕೂಡ್ಲಿಗಿಯ ಕುಡಿಯುವ ನೀರಿನ ಬಗ್ಗೆ ಆ ಮುಖಂಡರನ್ನು ಪ್ರಶ್ನಿಸುವ ಬರಹ ಅದೇ ಸಂಚಿಕೆಯಲ್ಲಿ ಬರಲು ಸಾಧ್ಯವೇ?

ಜಾಹೀರಾತನ್ನು ನೆಚ್ಚದೆ ನಡೆದ ಪತ್ರಿಕೆಯೂ ಕನ್ನಡದಲ್ಲಿತ್ತು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಓದುಗರು ಕೊಟ್ಟ ದುಡ್ಡಿನಲ್ಲೇ ಬದುಕಿತು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅದರಲ್ಲಿ. ಬಾನು ಮುಷ್ತಾಕ್ ಅದಕ್ಕೆ ವರದಿಗಾರ್ತಿಯಾಗಿದ್ದರು. 2025ರ ಮೇ ತಿಂಗಳಲ್ಲಿ ಬಾನು ಅವರಿಗೆ, ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ, ಅಂತರರಾಷ್ಟ್ರೀಯ ಬೂಕರ್ ಬಂದಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಆ ಕಥೆಗಳ ಹೆಂಗಸರು ಹಬ್ಬದ ದಿನದ ಹೆಂಗಸರಲ್ಲ. ತಲಾಖಿನ, ಹೆರಿಗೆಯ, ಮನೆಬಾಡಿಗೆಯ, ಸಾಮಾನ್ಯ ಮಂಗಳವಾರದ ಹೆಂಗಸರು. ಅವನ್ನು ಬರೆಯುವಾಗ ಲೇಖಕಿಗೆ ವಕೀಲಿ ವೃತ್ತಿ ಇತ್ತು ಎಂಬುದನ್ನೂ ಮರೆಯಬಾರದು.

ನಮ್ಮ ಐದು ತಾಲ್ಲೂಕುಗಳಿಂದ ಹೊರಟು ಹೆಸರಾದವರ ಕಥೆಯೂ ಇದೇ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchi ಎಂದು ಸಹಿ ಹಾಕುತ್ತಿದ್ದ ಬೀಚಿಯವರು ಪೊಲೀಸ್ ಇಲಾಖೆಯ ನೌಕರಿ ಮಾಡಿದರು. ‘ಸುಧಾ’ದ ಪ್ರಶ್ನೋತ್ತರ ಅಂಕಣದಿಂದ ಮನೆಮಾತಾದರು. ಅಂಕಣ ವಾರವಾರವೂ ಬರುವಂಥದ್ದು, ಹಬ್ಬಕ್ಕೆ ಕಾಯಬೇಕಿಲ್ಲ. ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ಆಂಧ್ರದ ವಾಗಿಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದುಕೊಂಡು ಬರೆದರು. ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಬ್ಬರನ್ನೂ ಸಾಕಿದ್ದು ಸರಕಾರದ ಸಂಬಳ. ಆ ಸಂಬಳವಿಲ್ಲದವನು ಈ ಸೀಮೆಯಲ್ಲಿ ಬರೆದು ಬದುಕಲು ನೋಡಿದರೆ ಅವನ ಹೆಸರು ನಮಗೆ ತಿಳಿಯುವುದೇ ಇಲ್ಲ.

ಹಾಗಾದರೆ ದುಡ್ಡು ಕೊಡುವವರು ಯಾರು? ದೊಡ್ಡ ಸಂಸ್ಥೆಗಳ ವಾರಪತ್ರಿಕೆ, ಮಾಸಪತ್ರಿಕೆ, ಭಾನುವಾರದ ಪುರವಣಿಗಳು ಕೊಡುತ್ತವೆ, ತಡವಾಗಿಯಾದರೂ. 2020ರ ಲಾಕ್‌ಡೌನಿನ ನಂತರ ಪುರವಣಿಗಳು ತೆಳ್ಳಗಾದವು, ಅಲ್ಲಿನ ಜಾಗ ಇಕ್ಕಟ್ಟಾಗಿದೆ. ಪ್ರಜಾವಾಣಿಯ ದೀಪಾವಳಿ ಕಥಾ ಸ್ಪರ್ಧೆಯಂಥವು ದಶಕಗಳಿಂದ ಹೊಸಬರನ್ನು ಬೆಳಕಿಗೆ ತಂದಿವೆ. ಆದರೆ ಬಹುಮಾನ ಬೇರೆ, ಕೂಲಿ ಬೇರೆ. ಸಾವಿರ ಜನ ಉತ್ತು ಮೂವರಿಗೆ ಪೈರು ಸಿಗುವುದನ್ನು ಬೇಸಾಯ ಎನ್ನಲಾಗದು. ನನಗೆ ಹಿಡಿಸಿದ ವ್ಯವಹಾರ ಆಕಾಶವಾಣಿಯದು. ಹೊಸಪೇಟೆ ಕೇಂದ್ರ ನಮಗೆ ಹತ್ತಿರ. ಭಾಷಣಕ್ಕೆ ಕರೆದರೆ ಮೊದಲು ಒಪ್ಪಂದದ ಕಾಗದ ಬರುತ್ತದೆ. ವಿಷಯ ಇಂಥದ್ದು, ನಿಮಿಷ ಇಷ್ಟು, ಹಣ ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಮೊತ್ತ ಸಣ್ಣದಿರಬಹುದು, ಆದರೆ ಕೇಳುವ ನಾಚಿಕೆಯಿಂದ ಬರಹಗಾರನನ್ನು ಪಾರು ಮಾಡುತ್ತದೆ. ಪತ್ರಿಕೆಗಳಿಗೆ ಯಾಕೆ ಇದು ಸಾಧ್ಯವಿಲ್ಲ?

ಇನ್ನು ನಮ್ಮ ಸಮುದಾಯದ ಪತ್ರಿಕೆಗಳು. ಈ ಮಾಸಿಕದ ಸಂಪಾದಕರು ಮುನಿಸಿಕೊಳ್ಳಲಾರರು ಎಂಬ ಭರವಸೆಯಿಂದ ಹೇಳುತ್ತೇನೆ. ಕೂಲಿಕಾರನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂಬ ಪ್ರವಾದಿಯವರ ಬೋಧನೆಯನ್ನು ಮೇ ತಿಂಗಳ ಸಂಚಿಕೆಯಲ್ಲಿ, ರಂಜಾನ್ ವಿಶೇಷಾಂಕದಲ್ಲಿ ನಾವು ತಪ್ಪದೆ ನೆನೆಯುತ್ತೇವೆ. ಆ ಲೇಖನವನ್ನು ಬರೆದವರಿಗೆ ಎಷ್ಟು ಸಂದಾಯವಾಯಿತು? ಬಹುತೇಕ ಕಡೆ ಉತ್ತರ ಒಂದು ಗೌರವ ಪ್ರತಿ. ಪತ್ರಿಕೆ ಸೇವೆಯೆಂದು ನಡೆಯುತ್ತದೆ, ನಷ್ಟದಲ್ಲಿದೆ, ಎಲ್ಲವೂ ನಿಜ. ಆದರೆ ಕಾಗದದವನು, ಮುದ್ರಣಾಲಯದವನು, ಅಂಚೆ ಇಲಾಖೆ ಯಾರೂ ಸೇವೆಯ ಹೆಸರಿನಲ್ಲಿ ಬಿಟ್ಟುಕೊಡುವುದಿಲ್ಲ. ಬರೆಯುವವನೊಬ್ಬನಿಂದಲೇ ಸವಾಬಿನ ಲೆಕ್ಕದಲ್ಲಿ ವಸೂಲಿ. ನೂರು ರೂಪಾಯಿಯಾದರೂ ಸರಿ, ಮೊದಲೇ ಹೇಳಿ ಕೊಟ್ಟರೆ ಆ ಸಂಬಂಧವೇ ಬದಲಾಗುತ್ತದೆ. ಆಗ ಸಂಪಾದಕರು ಬರಹವನ್ನು ತಿದ್ದಿ ಬರೆಯಿರಿ ಎಂದು ಧೈರ್ಯವಾಗಿ ಕೇಳಬಹುದು. ಪುಕ್ಕಟೆ ಬಂದದ್ದನ್ನು ತಿದ್ದಿಸುವುದು ಹೇಗೆ?

ಬರೆಯುವವರೂ ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪತ್ರಿಕೆಯ ನೌಕರನಲ್ಲದವನು ಬರೆದ ಲೇಖನದ ಒಡೆಯ ಬರೆದವನೇ. ಹಕ್ಕು ಬಿಟ್ಟುಕೊಡುವುದಾದರೆ ಅದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದು ಕಾನೂನು ಭಾವಿಸುತ್ತದೆ. ಒಮ್ಮೆ ಅಚ್ಚಾಯಿತೆಂದ ಮಾತ್ರಕ್ಕೆ ಬರಹ ಪತ್ರಿಕೆಯ ಸೊತ್ತಾಗುವುದಿಲ್ಲ. ಲೇಖನ ಕಳಿಸುವಾಗಲೇ ಸಂಭಾವನೆ ಎಷ್ಟು, ಯಾವಾಗ ಎಂದು ಒಂದು ಸಾಲು ಕೇಳುವುದು ಅವಿನಯವಲ್ಲ. ಜಿಲ್ಲಾ ಪುಟವನ್ನೇ ನಂಬಿ ಕೂರುವುದೂ ಕಷ್ಟ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಪ್ರತಿ ಸಲವೂ ಅಲ್ಲಿನ ಬರಹಗಾರ ಹೊಸ ಪುಟದ ಹೊಸ ಉಪಸಂಪಾದಕರಿಗೆ ತನ್ನ ಪರಿಚಯವನ್ನು ಮೊದಲಿನಿಂದ ಹೇಳಿಕೊಳ್ಳಬೇಕಾಯಿತು.

ಹಂಗಾಮಿನ ಬರಹ ಬೇಡವೆಂದು ನಾನು ಹೇಳುತ್ತಿಲ್ಲ. ಹಂಗಾಮು ನಮ್ಮ ಜನರ ಬದುಕೇ ಆಗಿದೆ, ಅದನ್ನು ಬಿಟ್ಟು ಬರೆಯುವುದೇನನ್ನು? ಹಬ್ಬದ ಹಂಗಾಮು ಒಂದಾದರೆ ದುಡಿಮೆಯ ಹಂಗಾಮು ಹತ್ತಿವೆ. ಹಡಗಲಿ ಮಲ್ಲಿಗೆಯ ಪರಿಮಳದ ಬಗ್ಗೆ, ಅದಕ್ಕೆ ಸಿಕ್ಕ ಭೌಗೋಳಿಕ ಮಾನ್ಯತೆಯ ಬಗ್ಗೆ ಸಾಕಷ್ಟು ಓದಿದ್ದೇವೆ. ನಸುಕಿನಲ್ಲಿ ಮೊಗ್ಗು ಬಿಡಿಸುವವಳಿಗೆ ತೂಕದ ಲೆಕ್ಕವೋ ದಿನದ ಲೆಕ್ಕವೋ, ಮದುವೆಗಳಿಲ್ಲದ ಆಷಾಢದಲ್ಲಿ ಹೂ ಕಟ್ಟುವವರ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ಓದಿದ್ದು ಕಡಿಮೆ. ಅಂಕಸಮುದ್ರದ ಹಕ್ಕಿಗಳ ಹೆಸರು ಗೊತ್ತು, ಅವನ್ನು ಕಾಯುವವರ ದಿನಚರಿ ಗೊತ್ತಿಲ್ಲ. ಗುಳೆಯ ಬಗ್ಗೆ ಬೀಗ ಹಾಕಿದ ಮನೆಗಳ ಫೋಟೋ ಬರುತ್ತದೆ. ಬೀಗದ ಕೈ ಯಾರ ಹತ್ತಿರ ಕೊಟ್ಟು ಹೋಗುತ್ತಾರೆ ಎಂಬುದರಲ್ಲೇ ಒಂದು ಸೌಹಾರ್ದದ ಲೇಖನವಿದೆ, ಮೊಹರಂವರೆಗೆ ಕಾಯಬೇಕಾಗಿಲ್ಲ.

ಪಿಂಜಾರರ ಬಗ್ಗೆ ಒಂದು ಬರಹ ಬರಲಿ ಎಂದು ನನಗೆ ಬಹಳ ದಿನದಿಂದ ಆಸೆ. ಈ ಸೀಮೆಯ ಮುಸ್ಲಿಮರಲ್ಲಿ ಅವರು ಗಣನೀಯ ಸಂಖ್ಯೆಯಲ್ಲಿದ್ದಾರೆ, ಎಷ್ಟೋ ಮನೆಗಳ ಮಾತು ಕನ್ನಡವೇ. ಅರಳೆ ಹಿಂಜಿ ಗಾದಿ ಹೊಲಿಯುವ ಕಸುಬನ್ನು ಫೋಮಿನ ಹಾಸಿಗೆ ಮೂಲೆಗೆ ತಳ್ಳಿತು. ಉಳಿದಿರುವ ಕೆಲವರು ಯಂತ್ರವನ್ನು ಗಾಡಿಗೇರಿಸಿಕೊಂಡು ಊರೂರು ಸುತ್ತುತ್ತಾರೆ, ಲಿಂಗಾಯತರ ಮನೆಯ ಪಡಸಾಲೆಯಲ್ಲೇ ಕೂತು ಅವರ ಮಗಳ ಮದುವೆಯ ಗಾದಿ ಹೊಲಿಯುತ್ತಾರೆ. ಬರೆಯಬಲ್ಲ ಹುಡುಗರು ಕೂಡ್ಲಿಗಿಯಲ್ಲೂ ಇದ್ದಾರೆ, ಹಗರಿಬೊಮ್ಮನಹಳ್ಳಿಯಲ್ಲೂ ಇದ್ದಾರೆ. ಯಾವುದಾದರೂ ಪತ್ರಿಕೆಗೆ ಚಳಿಗಾಲದ ಸಂಚಿಕೆಗೆ ಇದು ಬೇಕೆನಿಸಿದರೆ, ಬಸ್ ಚಾರ್ಜು ಮತ್ತು ಸಂಭಾವನೆ ಎಷ್ಟೆಂದು ಬರೆದು ಸೆಪ್ಟೆಂಬರಿನೊಳಗೆ ಕೇಳಬೇಕು. ದೀಪಾವಳಿ ಕಳೆದ ಮೇಲೆ ಕೇಳಿದರೆ ಗಾದಿ ಹೊಲಿಯುವವರು ಊರಿನಲ್ಲಿ ಸಿಗುವುದಿಲ್ಲ.